ಎರಡನೇ ದಿನ ಹುಷಾರು

ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಮಾತ್ರೆ ಮಾಡುವುದು ಹೇಗೆಂದು ನಾನು ಹೇಳಿಕೊಡುತ್ತೇನೆ. ಮಾತ್ರೆ ಹೆಚ್ಚಾದರೆ ಏನು ಮಾಡಬೇಕೆಂದು ನನ್ನ ಎದುರಿನ ಮೇಜಿನವರು ಹೇಳಿಕೊಡುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ನಮ್ಮಿಬ್ಬರ ನಡುವೆ ಇರುವುದು ಒಂದು ನೀರಿನ ಜಗ್ಗು ಮತ್ತು ಒಂದು ಸಣ್ಣ ಅಭಿಪ್ರಾಯಭೇದ. ನಾನಿಲ್ಲದಿದ್ದರೂ ಜಗತ್ತು ಹೇಗೋ ನಡೆದೀತು, ತಾವಿಲ್ಲದಿದ್ದರೆ ನಡೆಯದು ಎಂದು ಅವರ ನಂಬಿಕೆ. ನನ್ನ ನಂಬಿಕೆಯೂ ಅದೇ, ಕುರ್ಚಿ ಅದಲುಬದಲು ಮಾಡಿಕೊಂಡು.

ವಿದ್ಯಾರ್ಥಿಗಳು ಅವರನ್ನು ವಿಷದ ಮೇಷ್ಟ್ರು ಎನ್ನುತ್ತಾರೆ. ಎದುರಿಗೆ ಅನ್ನುವುದಿಲ್ಲ, ಕೇಳಿಸದಷ್ಟು ದೂರ ಹೋಗಿಯೂ ಅನ್ನುವುದಿಲ್ಲ. ಮೊದಮೊದಲು ಮುಖ ಗಂಟಿಕ್ಕಿಕೊಳ್ಳುತ್ತಿದ್ದವರು ಈಚೆಗೆ ಫೋನೆತ್ತಿದರೆ ತಾವೇ "ಹಲೋ, ವಿಷದ ಮೇಷ್ಟ್ರು" ಎನ್ನಲು ಶುರುಮಾಡಿದ್ದಾರೆ. ಬಿರುದು ಎಂದಮೇಲೆ ಯಾವುದಾದರೇನು.

ಅವರ ತರಗತಿಯಲ್ಲಿ ಒಂದು ಪ್ಲಾಸ್ಟಿಕ್ ಗೊಂಬೆಯಿದೆ. ಆಳೆತ್ತರದ್ದು, ಬಲಗಾಲು ಮಂಡಿಯಿಂದ ಕೆಳಗೆ ಇಲ್ಲ. ಅದು ರೋಗಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿ ಅದರ ಪಕ್ಕ ನಿಂತು ಮೊದಲು ನಾಲ್ಕು ಪ್ರಶ್ನೆ ಕೇಳಬೇಕು: ಏನು ತಗೊಂಡ್ರು, ಎಷ್ಟು ತಗೊಂಡ್ರು, ಯಾವಾಗ ತಗೊಂಡ್ರು, ಆಮೇಲೆ ಏನಾಯ್ತು. ಗಾಬರಿಯಲ್ಲಿ ಯಾರಾದರೂ ನೇರವಾಗಿ ಚಿಕಿತ್ಸೆಗೆ ಕೈಹಾಕಿದರೆ ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ, "ರೋಗಿ ಸತ್ತ. ನೀವು ಹೊರಡಿ" ಎನ್ನುತ್ತಾರೆ. ಆ ಗೊಂಬೆ ಈವರೆಗೆ ಏನಿಲ್ಲೆಂದರೂ ನಾನೂರು ಸಲ ಸತ್ತಿದೆ. ಪ್ರತಿ ಸಲವೂ ಮುಂದಿನ ವಿದ್ಯಾರ್ಥಿಗಾಗಿ ಬದುಕಿ ಮಲಗಿದೆ.

ಮೇಷ್ಟ್ರು ತಾವಾಗಿ ಹೇಳದ ಒಂದು ಸಂಗತಿಯಿತ್ತು. ವಿಷವೇರಿದ ನಿಜವಾದ ಮನುಷ್ಯನನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ನಮ್ಮ ಕಾಲೇಜಿಗೆ ಆಸ್ಪತ್ರೆಯಿಲ್ಲ. ಇರುವುದು ಒಂದು ಕ್ಯಾಂಟೀನು ಮಾತ್ರ. ಆದರೆ ಈಜು ಹೇಳಿಕೊಡುವವರು ನೀರಿಗೆ ಇಳಿಯಲೇಬೇಕೆಂದು ಸಿಲಬಸ್ಸಿನಲ್ಲಿ ಎಲ್ಲೂ ಬರೆದಿಲ್ಲ.

ಅವರ ಪಾಠಗಳಲ್ಲಿ ಹೆಸರುವಾಸಿಯಾದದ್ದು ಪ್ಯಾರಾಸಿಟಮಾಲ್ ಪಾಠ. ಜ್ವರಕ್ಕೂ ನೋವಿಗೂ ಎಲ್ಲರ ಮನೆಯ ಡಬ್ಬಿಯಲ್ಲಿರುವ ಬಿಳಿ ಮಾತ್ರೆ ಅದು. ಅಳತೆಯಲ್ಲಿದ್ದರೆ ಅದರಷ್ಟು ಸಾಧು ಔಷಧ ಇನ್ನೊಂದಿಲ್ಲ. ಅಳತೆ ಮೀರಿದರೆ ಪಿತ್ತಜನಕಾಂಗವನ್ನು ಸದ್ದಿಲ್ಲದೆ ಮುಗಿಸುತ್ತದೆ. ಅದು ನಾಲ್ಕು ಹಂತದಲ್ಲಿ ಬರುತ್ತದೆ. ವಿದ್ಯಾರ್ಥಿಗಳಿಗೆ ಹಂತಗಳು ನೆನಪಿರುವುದಿಲ್ಲವೆಂದು ಮೇಷ್ಟ್ರು ಒಂದು ಮಗ್ಗಿ ಕಟ್ಟಿದ್ದರು: "ಮೊದಲ ದಿನ ಹೊಟ್ಟೆ, ಎರಡನೇ ದಿನ ಹುಷಾರು, ಮೂರನೇ ದಿನ ಹಳದಿ, ನಾಲ್ಕನೇ ದಿನ ಅತ್ತಲೋ ಇತ್ತಲೋ." ಎರಡನೆಯದರ ಹತ್ತಿರ ನಿಲ್ಲಿಸಿ ಬೆರಳೆತ್ತುತ್ತಿದ್ದರು. "ರೋಗಿ ನಾನು ಹುಷಾರು ಅಂತಾನೆ. ಆಗ ನೀವು ಹುಷಾರು." ತರಗತಿ ನಗುತ್ತಿತ್ತು. ಪ್ರತಿವರ್ಷ ಅದೇ ಜಾಗದಲ್ಲಿ ನಗುತ್ತಿತ್ತು, ಮತ್ತು ಮೇಷ್ಟ್ರು ಆ ನಗುವಿಗೆಂದು ಮೂರು ಸೆಕೆಂಡು ಬಿಡುತ್ತಿದ್ದರು. ಪಕ್ಕದ ಕೋಣೆಯಲ್ಲಿ ಮಾತ್ರೆಗೆ ಲೇಪ ಹಚ್ಚುವ ಬಗ್ಗೆ ಮಾತಾಡುತ್ತಿದ್ದ ನನಗೆ ಒಂದು ವರ್ಷವೂ ಅಂಥ ನಗು ಸಿಕ್ಕಿಲ್ಲ.

ಮನೆಯಲ್ಲಿ ಅವರ ಕೀರ್ತಿ ಬೇರೆ ಥರದ್ದು. ನಾಲ್ಕು ವರ್ಷದ ಹಿಂದೆ ಅವರ ಅಕ್ಕನ ಮೊಮ್ಮಗಳು ಹೊಸ ಚಪ್ಪಲಿ ಡಬ್ಬಿಯೊಳಗಿನ ಪುಟ್ಟ ಪೊಟ್ಟಣ ಹರಿದು, ತೇವ ಹೀರುವ ಆ ಮಣಿಗಳನ್ನು ಬಾಯಿಗೆ ಹಾಕಿಕೊಂಡಳು. ಅದು ನಿರಪಾಯದ ವಸ್ತು. ಮೇಷ್ಟ್ರೇ ಪಾಠದಲ್ಲಿ ಹಾಗೆ ಹೇಳುತ್ತಾರೆ. ಆದರೆ ಬದುಕಿನ ಮೊದಲ ನಿಜವಾದ ಕೇಸು ಮಡಿಲಲ್ಲಿ ಕೂತು ಬಾಯಿ ಚಪ್ಪರಿಸುತ್ತಿರುವಾಗ ಪಾಠ ಎಲ್ಲಿ ನೆನಪಾಗುತ್ತದೆ? ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದರು. ಡ್ಯೂಟಿ ಡಾಕ್ಟರು ಪೊಟ್ಟಣ ನೋಡಿ, ಮಗು ನೋಡಿ, ಕೊನೆಗೆ ಮೇಷ್ಟ್ರ ಪಾದ ನೋಡಿ, "ಮಗೂಗೆ ಒಂದು ಲೋಟ ನೀರು ಕೊಡಿ. ನಿಮ್ಮ ಹೆಬ್ಬೆರಳಿಗೆ ಟಿಂಚರ್ ಹಾಕ್ತೀನಿ" ಎಂದರು. ಅಂದಿನಿಂದ ಬಂಧುಬಳಗದಲ್ಲಿ ಯಾರಿಗಾದರೂ ಕೆಮ್ಮು ಬಂದರೂ "ಮೇಷ್ಟ್ರಿಗೆ ಹೇಳ್ಬೇಡಿ, ಬರಿಗಾಲಲ್ಲಿ ಬಂದ್ಬಿಡ್ತಾರೆ" ಎನ್ನುವುದು ವಾಡಿಕೆ. ಈ ಮಾತು ಹುಟ್ಟಿಸಿದವರು ಅಕ್ಕನ ಗಂಡ, ಅಂದರೆ ಮೇಷ್ಟ್ರ ಭಾವ.

ಭಾವ ಬಸ್ ಚಾಲಕರು. ಮೂವತ್ತೊಂದು ವರ್ಷದಲ್ಲಿ ಅವರ ಬಸ್ಸಿಗೆ ಒಂದು ಗೀರು ಬಿದ್ದಿರಲಿಲ್ಲ. ನಿವೃತ್ತಿಗೆ ಇನ್ನೆರಡು ತಿಂಗಳಿತ್ತು. ಆ ಎರಡು ತಿಂಗಳನ್ನು ರಜೆಯಿಲ್ಲದೆ, ಗೀರಿಲ್ಲದೆ ಮುಗಿಸಬೇಕೆಂಬುದು ಅವರ ಛಲ. ದೊಡ್ಡ ಮೀಸೆ, ದೊಡ್ಡ ಗಂಟಲು. ಮನೆಯಲ್ಲೂ ಅವರು ಕುರ್ಚಿಯಿಂದ ಏಳುವ ಮುನ್ನ ಎಡಕ್ಕೆ ಬಲಕ್ಕೆ ನೋಡುತ್ತಿದ್ದರು.

ಒಂದು ಸೋಮವಾರ ಮಧ್ಯಾಹ್ನ ನಾವಿಬ್ಬರೂ ಡಬ್ಬಿ ಬಿಚ್ಚಿ ಕೂತಿದ್ದಾಗ ಅಕ್ಕನ ಫೋನು ಬಂತು. ಮೇಷ್ಟ್ರು ಫೋನನ್ನು ಸ್ಪೀಕರಿಗೆ ಹಾಕಿ ಉಣ್ಣುವವರು. ಹಾಗಾಗಿ ನನಗೂ ಕೇಳಿಸಿತು.

"ಅಲ್ವೋ, ಹಲ್ಲುನೋವಿನ ಮಾತ್ರೆ ತಗೊಂಡ್ರೆ ವಾಂತಿ ಆಗತ್ತಾ?"

"ಯಾರಿಗೆ ಅಕ್ಕಾ?"

"ನಿಮ್ಮ ಭಾವನಿಗೆ. ಶುಕ್ರವಾರದಿಂದ ದವಡೆ ಹಿಡ್ಕೊಂಡು ಕೂತಿದ್ರು. ಏನೂ ತಿಂದಿಲ್ಲ. ನಿನ್ನೆ ರಾತ್ರಿ ನಾಲ್ಕು ಸಲ ವಾಂತಿ. ಇವತ್ತು ಹುಷಾರಾಗಿದ್ದಾರೆ ಬಿಡು. ಡ್ಯೂಟಿಗೆ ಹೊರಟಿದ್ದಾರೆ, ಶೂ ಪಾಲಿಶ್ ಮಾಡ್ತಿದ್ದಾರೆ. ಸುಮ್ನೆ ಕೇಳ್ದೆ."

ಮೇಷ್ಟ್ರು ತುತ್ತನ್ನು ಡಬ್ಬಿಗೆ ವಾಪಸು ಹಾಕಿದರು. "ಯಾವ ಮಾತ್ರೆ?"

"ಬಿಳೀದು."

"ಹೆಸರು ಓದು."

"ಕನ್ನಡಕ ಎಲ್ಲಿಟ್ಟೆ ಅಂತ... ಇರು." ಅಕ್ಕ ಒಂದು ಹೆಸರು ಓದಿದರು. ಅಂಗಡಿಯಿಂದ ತಂದ ಹಲ್ಲುನೋವಿನ ಮಾತ್ರೆ. ಆಮೇಲೆ ಇನ್ನೊಂದು, ಅದು ಡಿಪೋದಲ್ಲಿ ಯಾರೋ ಜೊತೆಯವರು "ಇದು ನೋವಿಗೆ ರಾಮಬಾಣ" ಎಂದು ಕೊಟ್ಟ ಶೀತದ ಮಾತ್ರೆ. ಮೂರನೆಯದು ಅಕ್ಕನದೇ ಮಂಡಿನೋವಿನ ಮಾತ್ರೆ. ಮೂರು ಹೆಸರು, ಮೂರು ಬಣ್ಣ, ಮೂರು ಕಂಪನಿ. ಮೇಷ್ಟ್ರು ಕೈಗೆ ಸಿಕ್ಕ ಉತ್ತರಪತ್ರಿಕೆಯೊಂದರ ಬೆನ್ನಿಗೆ ಬರೆದುಕೊಳ್ಳುತ್ತಿದ್ದರು. ಬಗ್ಗಿ ನೋಡಿದೆ. ಮೂರು ಸಾಲಿನಲ್ಲೂ ಒಂದೇ ಪದವಿತ್ತು: ಪ್ಯಾರಾಸಿಟಮಾಲ್, ಪ್ಯಾರಾಸಿಟಮಾಲ್, ಪ್ಯಾರಾಸಿಟಮಾಲ್.

ಒಂದರಿಂದ ನೋವು ಹೋಗದಿದ್ದರೆ ಇನ್ನೊಂದು, ಅದೂ ನಿಲ್ಲದಿದ್ದರೆ ಮತ್ತೊಂದು. ಎರಡೂವರೆ ದಿನ, ಬರಿ ಹೊಟ್ಟೆಯಲ್ಲಿ. ಮೇಷ್ಟ್ರು ಮಾತ್ರೆಯ ಖಾಲಿ ಪಟ್ಟಿಗಳನ್ನು ಎಣಿಸಲು ಹೇಳಿ, ಕೂಡಿ, ಗೆರೆ ಎಳೆದು, ಗೆರೆಯ ಕೆಳಗಿನ ಅಂಕಿಗೆ ಎರಡು ಸಲ ಸುತ್ತು ಹಾಕಿದರು.

"ಏನಾದ್ರೂ ತೊಂದ್ರೆನೇನೋ?" ಎಂದರು ಅಕ್ಕ.

ಮೇಷ್ಟ್ರ ದನಿ ತಟ್ಟನೆ ತರಗತಿಯ ದನಿಯಾಯಿತು. "ಏನಿಲ್ಲ ಅಕ್ಕಾ. ಗಾಬರಿ ಆಗ್ಬೇಡ. ಆ ಕಡೆ ಸ್ವಲ್ಪ ಕೆಲ್ಸ ಇದೆ, ಹಾಗೇ ಬಂದ್ಹೋಗ್ತೀನಿ." ಫೋನಿಟ್ಟು ನನ್ನತ್ತ ತಿರುಗಿ, "ಮನೆಯವರನ್ನ ಗಾಬರಿ ಮಾಡ್ಬಾರ್ದು. ಅದು ಮೊದಲ್ನೇ ಪಾಠ" ಎಂದರು. ನಾನು ತಲೆಯಾಡಿಸಿದೆ. ಪಾಠ ಚೆನ್ನಾಗಿಯೇ ಕೇಳಿಸಿತು.

ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ನಕ್ಷೆಯಿದೆ. ಮಾತ್ರೆ ನುಂಗಿ ಎಷ್ಟು ಗಂಟೆಯಾಯಿತು, ಈಗ ರಕ್ತದಲ್ಲಿ ಎಷ್ಟಿದೆ ಎರಡನ್ನೂ ಇಟ್ಟು ನೋಡಿದರೆ ಮದ್ದು ಬೇಕೋ ಬೇಡವೋ ಅದರಲ್ಲಿ ತಿಳಿಯುತ್ತದೆ. ಮೇಷ್ಟ್ರು ಅದಕ್ಕೆ ತಾವೇ ಚೌಕಟ್ಟು ಹಾಕಿಸಿದ್ದರು. ಈಗ ಎದ್ದುಹೋಗಿ ಅದರ ಮುಂದೆ ನಿಂತರು. ಒಂದೇ ಸಲಕ್ಕೆ ನುಂಗಿದವರಿಗಾಗಿ ಮಾಡಿದ ನಕ್ಷೆ ಅದು. ಎರಡೂವರೆ ದಿನ ಒಂದೊಂದಾಗಿ ನುಂಗಿದವರಿಗೆ ಅದರಲ್ಲಿ ಕಾಲಿಡಲು ಜಾಗವಿಲ್ಲ.

"ಇವರು ಇದರಲ್ಲಿ ಬರಲ್ಲ" ಎಂದರು.

"ಹಾಗಾದ್ರೆ?"

"ನಕ್ಷೆ ಬಿಟ್ಟು ಆಸ್ಪತ್ರೆಗೆ ಸೇರಿಸ್ಬೇಕು. ರಕ್ತ ನೋಡಿ ಮದ್ದು ಶುರು ಮಾಡ್ಬೇಕು. ಇವತ್ತೇ. ಇವತ್ತು ಎರಡನೇ ದಿನ."

ನನ್ನ ಸ್ಕೂಟರಿನಲ್ಲಿ ಹೊರಟೆವು. ದಾರಿಯಲ್ಲಿ ಭಾವನ ಬೀದಿಯ ತಿರುವಿನ ಔಷಧದಂಗಡಿ. ಅಂಗಡಿಯವನು ಮೇಷ್ಟ್ರ ಹಳೆಯ ವಿದ್ಯಾರ್ಥಿ. ಅವರ ವಿಷಯದಲ್ಲಿ ಕಾಲೇಜಿಗೇ ಮೊದಲು ಬಂದವನು. ಕಫ ಕರಗಿಸಲು ನೀರಿಗೆ ಹಾಕಿ ಕುಡಿಯುವ ಗುಳಿಗೆಯೊಂದುಂಟು, ಅಸಿಟೈಲ್‌ಸಿಸ್ಟೀನ್ ಎಂದು. ಅದೇ ಈ ವಿಷಕ್ಕೆ ಮದ್ದು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೇ ಕೊಡುತ್ತಾರೆ. ಅಲ್ಲಿಗೆ ತಲುಪುವವರೆಗೆ ಇದಾದರೂ ಇರಲಿ ಎಂದು ಮೇಷ್ಟ್ರು ಒಂದು ಡಬ್ಬಿ ಕೇಳಿದರು.

"ಯಾರಿಗೆ ಸರ್, ಕಫನಾ?"

"ನಮ್ಮ ಭಾವನಿಗೆ. ನೀನೇ ಹಲ್ಲುನೋವಿಗೆ ಮಾತ್ರೆ ಕೊಟ್ಟಿದೀಯ. ಬೇರೆ ಏನು ತಗೋತಿದೀರಿ ಅಂತ ಕೇಳ್ಲಿಲ್ವಾ?"

"ಕೇಳ್ದೆ ಸರ್. ಏನಿಲ್ಲ ಅಂದ್ರು. ಸಂಜೆ ಹೊತ್ತು ಇಪ್ಪತ್ತು ಜನ ನಿಂತಿರ್ತಾರೆ, ಇನ್ನೊಂದ್ಸಲ ಕೇಳಿದ್ರೆ ನೀನೇನು ಡಾಕ್ಟ್ರಾ ಅಂತಾರೆ." ಮೇಷ್ಟ್ರು ಲೆಕ್ಕ ಹೇಳಿದಾಗ ಅವನ ಕೈ ಕೌಂಟರಿನ ಮೇಲೆ ನಿಂತಿತು. "ಈಗ ಹೇಗಿದ್ದಾರೆ ಸರ್?"

"ಹುಷಾರಾಗಿದ್ದಾರೆ."

"ಎರಡನೇ ದಿನ ಹುಷಾರು" ಎಂದ ಅವನು. ಅಭ್ಯಾಸಬಲ; ತರಗತಿಯಲ್ಲಿ ನಗುತ್ತಿದ್ದ ಆ ಜಾಗದಲ್ಲಿ ಅವನ ತುಟಿ ತಾನಾಗಿ ಅಗಲವಾಯಿತು. ಆಮೇಲೆ ಅದನ್ನು ಮುಚ್ಚಿಕೊಳ್ಳಲು ಕಪಾಟಿನತ್ತ ತಿರುಗಿದ.

ಭಾವನ ಮನೆ ಎರಡು ಕೋಣೆ, ಒಂದು ಪಡಸಾಲೆ. ಗೋಡೆಯ ಮೇಲೆ ಅಪಘಾತವಿಲ್ಲದ ಸೇವೆಗಾಗಿ ಕೊಟ್ಟ ಐದು ಪ್ರಶಸ್ತಿಪತ್ರಗಳು, ಬಸ್ಸಿನ ಕಿಟಕಿಗಳಂತೆ ಸಾಲಾಗಿ. ಭಾವ ಖಾಕಿ ತೊಟ್ಟು, ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ಬಾಯಿಯ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದರು.

"ಓಹೋ, ಚಪ್ಪಲಿ ಹಾಕ್ಕೊಂಡೇ ಬಂದಿದೀಯ. ಹಾಗಾದ್ರೆ ಅಂಥ ಗಾಬರಿ ಏನಿಲ್ಲ" ಎಂದರು.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. "ಏನೋ ಇದು, ಇಬ್ರೂ ಒಟ್ಟಿಗೆ?"

"ಏನಿಲ್ಲಕ್ಕಾ, ಟೀ ಮಾಡು" ಎಂದು ಮೇಷ್ಟ್ರು ಅವರನ್ನು ಒಳಗೆ ಕಳಿಸಿದರು. ನಾನು ಒಳ್ಳೆಯವನಾಗಿ, ನನಗೆ ಸಕ್ಕರೆ ಕಡಿಮೆ ಎಂದೆ.

ಆಮೇಲೆ ಮೇಷ್ಟ್ರು ಭಾವನ ಎದುರು ಸ್ಟೂಲು ಎಳೆದುಕೊಂಡು ಪಾಠ ಮಾಡಿದರು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾಡಿರಲಾರರು. ಒಂದೇ ಔಷಧ ಮೂರು ಹೆಸರಿನಲ್ಲಿ ಹೇಗೆ ಒಳಗೆ ಸೇರಿತು, ಅದು ಹೇಗೆ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಏಕೆ ಇವತ್ತೇ ಹೋಗಬೇಕು, ಎಲ್ಲ ಹೇಳಿದರು. ಭಾವ ಬ್ರೆಡ್ಡು ಮುಗಿಸಿ ಮೀಸೆ ಒರೆಸಿಕೊಂಡರು.

"ಸರಿ. ನಿನ್ನ ಪಾಠದಲ್ಲಿ ನನಗೆ ಇವತ್ತು ಎಷ್ಟನೇ ದಿನ?"

"ಎರಡನೇದು ಭಾವ."

"ಎರಡನೇ ದಿನ ರೋಗಿ ಹೇಗಿರ್ತಾನೆ?"

"ಹುಷಾರಾಗಿರ್ತಾನೆ."

"ಏನೂ ತಗೊಳ್ದೇ ಇದ್ದವನು ಹೇಗಿರ್ತಾನೆ?"

"ಅವನೂ ಹುಷಾರಾಗಿರ್ತಾನೆ" ಎಂದರು ಮೇಷ್ಟ್ರು.

"ಹುಷಾರಿಲ್ದಿದ್ರೂ ಆಸ್ಪತ್ರೆ, ಹುಷಾರಾಗಿದ್ರೂ ಆಸ್ಪತ್ರೆ. ಮತ್ತೆ ಈ ಮನೆ ಯಾಕಪ್ಪಾ ಕಟ್ಟಿಸ್ದೆ?" ಭಾವ ನನ್ನ ಕಡೆ ನೋಡಿದರು. "ನೀವೇ ಹೇಳಿ ಸಾರ್, ಗಾಡಿ ಸ್ಟಾರ್ಟ್ ಆಗ್ತಿದೆ, ಗೇರ್ ಬೀಳ್ತಿದೆ, ಬ್ರೇಕ್ ಹಿಡೀತಿದೆ. ಯಾವನಾದ್ರೂ ಇಂಜಿನ್ ಬಿಚ್ತಾನಾ?"

ನನಗೂ ಆ ಕ್ಷಣ ಅದು ಸರಿಯೆನಿಸಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಅವರ ಕೆನ್ನೆಗೆ ಬಣ್ಣ ಬಂದಿತ್ತು. ಮೇಷ್ಟ್ರ ಮುಖವೇ ಬಿಳಿಚಿಕೊಂಡಿತ್ತು. ಆ ಪಡಸಾಲೆಗೆ ಹೊಸಬರು ಯಾರಾದರೂ ಬಂದಿದ್ದರೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದುದು ಮೇಷ್ಟ್ರನ್ನು.

ಆಗ ಅಕ್ಕ ಟೀ ತಂದರು, ಮಾತು ನಿಂತಿತು. ಮೇಷ್ಟ್ರು ಲೋಟದ ನೀರಿಗೆ ಆ ಗುಳಿಗೆಗಳನ್ನು ಹಾಕಿದರು. ಬುಸ್ಸೆಂದು ನೊರೆಯೆದ್ದು ಇಡೀ ಪಡಸಾಲೆಗೆ ಕೊಳೆತ ಮೊಟ್ಟೆಯ ನಾತ ಹರಡಿತು. ಭಾವ ಭಾವಮೈದುನನ ಮನಸ್ಸಿಗೆಂದು ಒಂದು ಗುಟುಕು ಕುಡಿದು, ಎದ್ದು, ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿ ಬಂದರು.

"ಇಷ್ಟು ಹೊತ್ತು ನೀನು ಹೇಳಿದ್ದು ಅರ್ಥ ಆಗಿರ್ಲಿಲ್ಲ. ಈಗ ಗೊತ್ತಾಯ್ತು, ವಿಷ ಅಂದ್ರೆ ಇದು" ಎಂದರು.

ಅಕ್ಕ ನಕ್ಕರು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವರ ಮನೆಯಲ್ಲೂ ಒಬ್ಬ ಮೇಷ್ಟ್ರು ಇದ್ದಿರಬೇಕು.

ಮೂರೂವರೆಯ ಬಸ್ಸು ಭಾವನದು. ಹಿಂದೆಯೇ ನಾವೂ ನಿಲ್ದಾಣಕ್ಕೆ ಹೋದೆವು. ಮೇಷ್ಟ್ರು ಹತ್ತಿ ಚಾಲಕನ ಬೆನ್ನಿಗಿರುವ ಸೀಟಿನಲ್ಲಿ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಸ್ಕೂಟರಿನ ಬೀಗ ಹಾಕಿದ್ದೇನೋ ಇಲ್ಲವೋ ಎಂಬ ಚಿಂತೆ ದಾರಿಯುದ್ದಕ್ಕೂ ಇತ್ತು. ಕಂಡಕ್ಟರು ಬಂದು, "ಎಲ್ಲಿಗೆ?" ಎಂದರು.

"ಇವರು ಎಲ್ಲಿಗೆ ಹೋಗ್ತಾರೋ ಅಲ್ಲಿಗೆ" ಎಂದು ಮೇಷ್ಟ್ರು ಭಾವನ ಬೆನ್ನು ತೋರಿಸಿದರು.

"ಅವರು ಹೋಗಿ ಇಲ್ಲಿಗೇ ವಾಪಸ್ ಬರ್ತಾರೆ."

"ಹಾಗಾದ್ರೆ ಇಲ್ಲಿಗೇ ಕೊಡಿ."

ಬಸ್ಸು ಹೊರಟಿತು. ಪೇಟೆ ದಾಟುವವರೆಗೆ ಸುಮ್ಮನಿದ್ದ ಮೇಷ್ಟ್ರು ಮುಂದೆ ಬಗ್ಗಿ, "ಭಾವಾ, ಒಂದ್ನಿಮಿಷ" ಎಂದರು. ಹಿಂದಿನಿಂದ ಕಂಡಕ್ಟರ ಕೈ ಬಂದು ಭಾವನ ತಲೆಯ ಹಿಂದಿನ ಫಲಕವನ್ನು ತಟ್ಟಿತು. ಕೆಂಪಕ್ಷರದಲ್ಲಿ ಬರೆದಿತ್ತು: ಚಾಲಕರೊಡನೆ ಮಾತನಾಡಬೇಡಿ. "ಮೇಷ್ಟ್ರಂತೆ ಕಾಣ್ತೀರ. ಓದೋಕೆ ಬರತ್ತಲ್ಲ?" ಎಂದರು ಕಂಡಕ್ಟರು.

ಹಾಗೆ ಎರಡು ಗಂಟೆ. ಚಾಲಕನ ಮೇಲಿನ ಕನ್ನಡಿಯಲ್ಲಿ ಭಾವನ ಕಣ್ಣೆರಡು ಕಾಣುತ್ತಿದ್ದವು. ಮೇಷ್ಟ್ರು ಆ ಕನ್ನಡಿ ಬಿಟ್ಟು ಇನ್ನೊಂದು ನೋಡಲಿಲ್ಲ. ಬಿಸಿಲು ಬಿದ್ದಾಗಲೆಲ್ಲ ಕತ್ತು ಚಾಚಿ ಕಣ್ಣಿನ ಬಿಳಿಭಾಗವನ್ನು ಪರೀಕ್ಷಿಸಿ, "ಬಿಳಿಯೇ ಇದೆ" ಎಂದು ನನಗೆ ಪಿಸುಗುಡುತ್ತಿದ್ದರು. ಮತ್ತೊಂದು ತಿರುವು, ಮತ್ತೆ "ಬಿಳಿಯೇ ಇದೆ". ನಡುವೆ ಒಮ್ಮೆ ಆಸ್ಪತ್ರೆಗೆ ಫೋನು ಮಾಡಿ, ತಗ್ಗಿದ ದನಿಯಲ್ಲಿ ಎಲ್ಲ ವಿವರ ಹೇಳಿದರು.

ಆ ಕಡೆಯವರು ಕೇಳಿದ್ದು ನನಗೂ ಕೇಳಿಸಿತು. "ರೋಗಿ ಈಗ ಎಲ್ಲಿದ್ದಾರೆ?"

"ನನ್ನ ಮುಂದೆ ಬಸ್ ಓಡಿಸ್ತಿದ್ದಾರೆ."

"ಸರ್, ಅವರನ್ನ ಇಳಿಸಿ ಕರ್ಕೊಂಡ್ ಬನ್ನಿ. ಫೋನಿಗೆ ಡ್ರಿಪ್ ಹಾಕೋಕಾಗಲ್ಲ."

ಭಾವ ಅಂದು ಬಲು ಚೆನ್ನಾಗಿ ಓಡಿಸಿದರು. ಹಳ್ಳ ಬಂದರೆ ಮೊದಲೇ ನಿಧಾನ, ತಿರುವು ಬಂದರೆ ಮೊದಲೇ ಹಾರ್ನು. ಹಿಂದೆ ಒಬ್ಬ ಅಜ್ಜಿ ಕೂತಲ್ಲೇ ನಿದ್ದೆ ಹೋಗಿದ್ದರು. ಆಕೆಯ ತಲೆ ಒಮ್ಮೆಯೂ ಕಿಟಕಿಗೆ ತಾಗಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಹದಿನೈದು ನಿಮಿಷ ಬಿಡುವು. ಇಳಿದು ಮುಖ ತೊಳೆಯುತ್ತಿದ್ದ ಭಾವನ ಪಕ್ಕ ಮೇಷ್ಟ್ರು ಹೋಗಿ ನಿಂತರು. ಈ ಸಲ ಪಾಠ ಮಾಡಲಿಲ್ಲ. "ನನಗೋಸ್ಕರ ಬನ್ನಿ ಭಾವ. ನಾನು ತಪ್ಪಾಗಿದ್ರೆ ಸಾಯೋವರೆಗೂ ನಗ್ತಾ ಇರಿ" ಎಂದರು.

ಭಾವ ಕರವಸ್ತ್ರ ಹಿಂಡುತ್ತ ಅವರನ್ನು ನೋಡಿದರು. "ದಾರಿಯೆಲ್ಲ ನನ್ನ ಬೆನ್ನು ಸುಡ್ತಾ ಬಂದೆ ಮಾರಾಯಾ. ಆಯ್ತು, ಬರ್ತೀನಿ."

"ಈಗಲೇ."

"ಈಗ ಈ ಬಸ್ಸು ವಾಪಸ್ ಯಾರು ತಗೊಂಡ್ಹೋಗ್ತಾರೆ, ನೀನಾ? ಐವತ್ತು ಜನ ಕಾಯ್ತಿದ್ದಾರೆ. ನಾಳೆ ಬೆಳಿಗ್ಗೆ ಹೋಗೋಣ. ಮಾತು ಕೊಟ್ಟಿದ್ದೀನಿ."

ಹಿಂದಿರುಗಿ ಬಂದು ನಿಲ್ದಾಣದಲ್ಲಿ ಇಳಿದಾಗ ಮೇಷ್ಟ್ರು ಮತ್ತೊಮ್ಮೆ ಬೇಡಿಕೊಂಡರು. ಭಾವ, "ಸುಸ್ತಾಗಿದೆ, ನಾಳೆ ಅಂದ್ನಲ್ಲ" ಎಂದು ಹೊರಟುಹೋದರು. ಮೇಷ್ಟ್ರು ನನ್ನ ಹಿಂದೆ ಸ್ಕೂಟರಿನಲ್ಲಿ ಕೂತು, "ಅಂತೂ ಒಪ್ಪಿದ್ರು ನೋಡಿ" ಎಂದರು. ಆ ದನಿಯಲ್ಲಿ ಗೆದ್ದವರ ಸದ್ದು ಸ್ವಲ್ಪವಿತ್ತು. ಒಂದು ಬೀದಿ ದಾಟಿದ ಮೇಲೆ, "ನಾಳೆ ಮೂರನೇ ದಿನ" ಎಂದರು.

ಬೆಳಿಗ್ಗೆ ಏಳಕ್ಕೆ ಅಕ್ಕ ಫೋನು ಮಾಡಿದರು. ಭಾವ ಎದ್ದಿಲ್ಲ, ಎಬ್ಬಿಸಿದರೆ ಏನೇನೋ ಅನ್ನುತ್ತಾರೆ, ಕಣ್ಣು ನೋಡಿದರೆ ಒಂಥರಾ ಇದೆ.

"ಒಂಥರಾ ಅಂದ್ರೆ?"

"ಹಳದಿ" ಎಂದರು ಅಕ್ಕ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಿಂತಲ್ಲೇ ಪ್ರಶ್ನೆ ಕೇಳಿದರು: ಏನು ತಗೊಂಡ್ರು, ಎಷ್ಟು, ಯಾವಾಗ, ಆಮೇಲೆ ಏನಾಯ್ತು. ಮೇಷ್ಟ್ರು ಒಂದನ್ನೂ ತಡವರಿಸದೆ ಉತ್ತರಿಸಿದರು. ತೂಕ ಹೇಳಿದರು, ಒಟ್ಟು ಪ್ರಮಾಣ ಹೇಳಿದರು, ಯಾವ ಮದ್ದು ಯಾವ ವೇಗದಲ್ಲಿ ಹೋಗಬೇಕೆಂಬುದನ್ನೂ ಹೇಳಿದರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, "ನೀವು ಡಾಕ್ಟರಾ?" ಎಂದರು.

"ಅಲ್ಲ. ಪಾಠ ಮಾಡ್ತೀನಿ."

"ಹೊರಗಡೆ ಕೂತಿರಿ ಸರ್" ಎಂದರು ಆಕೆ, ಮೆತ್ತಗೆ.

ಮದ್ದು ಶುರುವಾಯಿತು. ಆಸ್ಪತ್ರೆಯವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ತಪ್ಪು ಹುಡುಕಬೇಕೆಂದು ಮೇಷ್ಟ್ರು ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತಿದ್ದರು, ಅದೂ ಸಿಗಲಿಲ್ಲ. ಒಳಗೆ ಬಿಟ್ಟಾಗ ಡ್ರಿಪ್ಪಿನ ಹನಿಗಳನ್ನು ವಾಚು ಹಿಡಿದು ಎಣಿಸುತ್ತಿದ್ದರು. ನರ್ಸು, "ಅದನ್ನ ನಾವು ನೋಡ್ಕೋತೀವಿ ಸರ್, ನೀವು ಅವರ ಕೈ ಹಿಡ್ಕೊಳಿ" ಎಂದಳು. ಮೇಷ್ಟ್ರಿಗೆ ಕೈ ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡರು.

ಭಾವ ಹೆಚ್ಚಿನ ಹೊತ್ತು ಮಂಪರಿನಲ್ಲಿದ್ದರು. ಅವರ ಬಲಗಾಲು ಮಾತ್ರ ಆಗಾಗ ಮಂಚದ ತುದಿಯ ಕಂಬಿಯನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಬುಧವಾರ ಮಧ್ಯಾಹ್ನ ಒಮ್ಮೆ ಕಣ್ಣು ಬಿಟ್ಟು ಮೇಷ್ಟ್ರನ್ನು ಗುರುತಿಸಿದರು.

"ನಿನ್ನ ಪಾಠದಲ್ಲಿ... ಇವತ್ತು ಎಷ್ಟನೇದು?"

"ನಾಲ್ಕನೇದು ಭಾವ."

"ಏನಾಗತ್ತೆ, ನಾಲ್ಕನೇ ದಿನ?"

ವರ್ಷವರ್ಷವೂ ಅರವತ್ತು ಜನ ಪುಸ್ತಕದಲ್ಲಿ ಬರೆದುಕೊಂಡ ಉತ್ತರ ಅದು. "ಗೊತ್ತಿಲ್ಲ ಭಾವ" ಎಂದರು ಮೇಷ್ಟ್ರು.

ಪಿತ್ತಜನಕಾಂಗ ಬದಲಾಯಿಸುವ ದೊಡ್ಡ ಆಸ್ಪತ್ರೆ ಆರು ಗಂಟೆಯ ದಾರಿ. ಅಲ್ಲಿಗೆ ವರದಿ ಕಳಿಸಿದರು. ಅವರು ನೋಡಿ, ಇವರು ಆರು ಗಂಟೆ ತಡೆಯುವ ಸ್ಥಿತಿಯಲ್ಲಿಲ್ಲ ಎಂದರು. ಡಿಪೋದಿಂದ ಜನ ಗುಂಪುಗುಂಪಾಗಿ ಬಂದು ಹೋದರು. ಶೀತದ ಮಾತ್ರೆ ಕೊಟ್ಟವರು ಕಾರಿಡಾರಿನ ಕೊನೆಯಲ್ಲೇ ನಿಂತು, ಒಳಗೆ ಬರದೆ ಹೋದರು. ಶುಕ್ರವಾರ ಮೂರು ಗಂಟೆಗೆ ಭಾವ ತೀರಿಕೊಂಡರು.

ಎರಡು ವಾರ ಮೇಷ್ಟ್ರು ರಜೆ ಹಾಕಿದರು. ಅವರ ತರಗತಿಗಳನ್ನು ನನಗೆ ವಹಿಸಿದರು. ನಾನು ಮಾತ್ರೆಯ ಲೇಪದ ಬಗ್ಗೆಯೇ ಮಾತಾಡಿ ಕಾಲ ತಳ್ಳಿದೆ. ಗೊಂಬೆಯ ಮೇಲೆ ಯಾರೋ ಬಟ್ಟೆ ಹೊದಿಸಿದ್ದರು. ರಜೆ ಮುಗಿದ ದಿನ ಬೆಳಿಗ್ಗೆ ಮೇಷ್ಟ್ರು, ಕಾಲೇಜಿಗೆ ಹೋಗುವ ಮುನ್ನ ಅಕ್ಕನ ಮನೆಗೆ ಹೋಗಿಬರೋಣ, ಜೊತೆಗೆ ಬನ್ನಿ ಎಂದರು. ಒಬ್ಬರೇ ಹೋಗಲಾರದವರಂತಿದ್ದರು.

ಅಕ್ಕ ಹಿಂದಿನ ಅಂಗಳದಲ್ಲಿ ಒಗೆದ ಬಟ್ಟೆ ತೆಗೆಯುತ್ತಿದ್ದರು. ಅಳುತ್ತಿರಲಿಲ್ಲ. ನನ್ನನ್ನು ನೋಡಿ, "ಟೀ ಮಾಡ್ಲಾ?" ಎಂದರು. ಬೇಡವೆಂದೆ. ಮೇಷ್ಟ್ರು ಕಟ್ಟೆಯ ಮೇಲೆ ಕೂತರು. ಅಕ್ಕನೇ ಕೇಳಿದರು.

"ಸೋಮವಾರಾನೇ ನಿಂಗೆ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು."

"ಹೀಗಾಗತ್ತೆ ಅಂತಾನೂ?"

"ಹೀಗೂ ಆಗ್ಬಹುದು ಅಂತ ಗೊತ್ತಿತ್ತು. ಭಾವನಿಗೆ ಎಲ್ಲಾ ಹೇಳ್ದೆ ಅಕ್ಕಾ. ಬಿಡಿಸಿ ಬಿಡಿಸಿ ಹೇಳ್ದೆ. ಬಸ್ಸು ಹತ್ತಿ ಹೋದೆ. ಅವರು ಕೇಳ್ಬೇಕಲ್ಲ. ಅವರನ್ನ ಎಳ್ಕೊಂಡು ಹೋಗೋಕೆ ನನ್ನ ಕೈಲಿ ಆಗತ್ತಾ?"

"ನಿನ್ನ ಕೈಲಿ ಆಗಲ್ಲ" ಎಂದರು ಅಕ್ಕ. ಒಂದು ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರು. "ನನ್ನ ಕೈಲಿ ಆಗ್ತಿತ್ತು. ಮೂವತ್ನಾಲ್ಕು ವರ್ಷದಲ್ಲಿ ಅವರು ಡಾಕ್ಟರ ಹತ್ರ ಹೋಗಿರೋದೇ ನಾಲ್ಕು ಸಲ, ನಾಲ್ಕು ಸಲಾನೂ ನಾನೇ ಎಳ್ಕೊಂಡ್ಹೋಗಿದ್ದು. ಒಂದ್ಸಲ ಬಸ್ಸಿನ ಮುಂದೆ ನಿಂತ್ಕೊಂಡಿದ್ದೆ. ನೀನು ಅವರಿಗೆ ಹೇಳ್ದೆ. ಆಸ್ಪತ್ರೆಗೆ ಹೇಳ್ದೆ. ಅಂಗಡಿಯವನಿಗೆ ಹೇಳ್ದೆ. ನಂಗೆ ಮಾತ್ರ ಟೀ ಮಾಡು ಅಂದೆ."

"ನೀನು ಗಾಬರಿ ಆಗ್ತೀಯ ಅಂತ..."

"ಆಗ್ತಿದ್ದೆ" ಎಂದರು ಅಕ್ಕ. "ಆಗ್ಬೇಕಿತ್ತು."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾವಿಬ್ಬರೂ ತಲೆತಗ್ಗಿಸಿ ಕೂತು, ಅದು ಇಳಿಯುವವರೆಗೆ ಕಾಯಬಹುದಿತ್ತು. ನಾನು ಅಂಗಳದ ನಲ್ಲಿಯನ್ನು ನೋಡುತ್ತಿದ್ದೆ. ಸಕ್ಕರೆ ಕಡಿಮೆ ಎಂದವನು ನಾನೇ ಅಲ್ಲವೇ.

ಅಕ್ಕ ಹಗ್ಗದಿಂದ ದೊಡ್ಡ ಹೊದಿಕೆಯೊಂದನ್ನು ಎಳೆದುಕೊಂಡರು. ಒಬ್ಬರಿಂದ ಮಡಚಲಾಗದ್ದು. ಒಂದೆರಡು ಸಲ ತಾವೇ ಪ್ರಯತ್ನಿಸಿದರು. ಅಂಚು ನೆಲಕ್ಕೆ ತಾಗಿತು.

"ಆ ತುದಿ ಹಿಡ್ಕೋ" ಎಂದರು.

ಮೇಷ್ಟ್ರು ಎದ್ದು ಹೋಗಿ ಹಿಡಿದುಕೊಂಡರು. ಮೂಲೆಗೆ ಮೂಲೆ ಸೇರಲಿಲ್ಲ. ಅಕ್ಕ ಬಿಚ್ಚಿ, ಕೊಡವಿ, ಮತ್ತೆ ಮೊದಲಿನಿಂದ ಹಿಡಿಯಲು ಹೇಳಿದರು.